ತಂತಿಯ ಉದ್ದ, ದನಿಯ ಮಸುಕು

1858ರ ಆಗಸ್ಟ್ 16ರಂದು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಅಮೆರಿಕದ ಅಧ್ಯಕ್ಷ ಜೇಮ್ಸ್ ಬ್ಯುಕಾನನ್‌ಗೆ ಶುಭಾಶಯದ ತಂತಿಯೊಂದನ್ನು ಕಳುಹಿಸಿದಳು. ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪದಿಂದ ಇಂದಿನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಉದ್ದನೆಯ ಕೇಬಲ್ ಹಾಸಿ ಆಗ ಹನ್ನೊಂದೇ ದಿನ ಕಳೆದಿತ್ತು. ಸಂದೇಶದಲ್ಲಿ ಇದ್ದದ್ದು 98 ಪದ. ಅರ್ಥವಾಗದ್ದನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡು, ಅದು ಪೂರ್ತಿಯಾಗಿ ಆಚೆ ದಡ ಸೇರಲು ಸುಮಾರು 16 ಗಂಟೆ ಹಿಡಿಯಿತು. ಎಂದರೆ ಪದವೊಂದಕ್ಕೆ ಹತ್ತು ನಿಮಿಷ. ಆದರೂ ಹಡಗಿನಲ್ಲಿ ಹತ್ತು ಹನ್ನೆರಡು ದಿನ ತೆಗೆದುಕೊಳ್ಳುತ್ತಿದ್ದ ಸುದ್ದಿ ಒಂದು ಹಗಲಿನಲ್ಲಿ ಬಂತಲ್ಲ ಎಂದು ನ್ಯೂಯಾರ್ಕ್ ನಗರ ಹಬ್ಬ ಮಾಡಿತು. ಆ ಹಬ್ಬದ ಬಾಣಬಿರುಸಿನ ಕಿಡಿಗೆ ನಗರಸಭೆಯ ಕಟ್ಟಡದ ಗೋಪುರವೇ ಹೊತ್ತಿಕೊಂಡಿತು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಕೇಬಲ್ ಬಹುಮಟ್ಟಿಗೆ ಮೂಕವಾಗಿತ್ತು.

ಇಂದು ಸಂಗೀತದ ಉಪಕರಣಗಳನ್ನು ಕೊಳ್ಳುವವರಲ್ಲಿ ಒಂದು ಚರ್ಚೆ ಸದಾ ನಡೆಯುತ್ತಿರುತ್ತದೆ. ಸಿ.ಡಿ. ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಎಳೆಯುವ ಡಿಜಿಟಲ್ ಕೇಬಲ್ ಒಂದು ಮೀಟರ್ ಇರಬೇಕೇ, ಐದು ಮೀಟರ್ ಆದರೂ ನಡೆಯುತ್ತದೆಯೇ, ಉದ್ದವಾದರೆ ಸ್ವರ ಕೆಡುತ್ತದೆಯೇ? ಈ ಪ್ರಶ್ನೆ ಹುಟ್ಟಿದ್ದು ಅಂಗಡಿಯಲ್ಲಲ್ಲ, ಅಟ್ಲಾಂಟಿಕ್‌ನ ತಳದಲ್ಲಿ. ರಾಣಿಯ ಸಂದೇಶವನ್ನು ತಡೆದ ಕಾರಣವೂ ಡಿಜಿಟಲ್ ಕೇಬಲ್ಲಿನಲ್ಲಿ ಕೊನೆಗೆ ತೊಡಕು ತರುವ ಒಂದು ಮುಖ್ಯ ಕಾರಣವೂ ಒಂದೇ. ನಡುವಿನ ನೂರೈವತ್ತು ವರ್ಷಗಳ ಕಥೆ ಆ ಒಂದೇ ಕಾರಣದೊಡನೆ ನಡೆದ ಸೆಣಸಾಟ.

ತಂತಿ ಉದ್ದವಾದರೆ ಸಂಕೇತ ಕ್ಷೀಣವಾಗುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ಮಾತು. ಆದರೆ ಅಟ್ಲಾಂಟಿಕ್ ಕೇಬಲ್ಲಿನ ನಿಜವಾದ ಕಾಯಿಲೆ ಕ್ಷೀಣತೆಯಲ್ಲ, ಮಸುಕು. ಕೇಬಲ್ಲಿನ ಒಳಗೆ ತಾಮ್ರದ ತಂತಿ, ಅದರ ಸುತ್ತ ಗಟ್ಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಅದರಾಚೆ ಕಬ್ಬಿಣದ ಕವಚ ಮತ್ತು ಸಮುದ್ರದ ನೀರು. ನಡುವೆ ವಿದ್ಯುತ್ ಹರಿಯದ ಪದರ, ಎರಡು ಬದಿಗೂ ಹರಿಯುವ ವಸ್ತು. ಇಂಥ ರಚನೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುತ್ತದೆ ಎಂದು ಮೈಕೆಲ್ ಫ್ಯಾರಡೆ 1854ರಲ್ಲಿಯೇ ತೋರಿಸಿದ್ದ. ಬೇಸಿಗೆಯಲ್ಲಿ ಒಣಗಿದ ಕಾಲುವೆಗೆ ತೂಬು ಎತ್ತಿ ನೀರು ಬಿಟ್ಟಾಗ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ. ನೆಲ ಮೊದಲು ತಾನು ಕುಡಿಯುತ್ತದೆ, ಮುಂದಕ್ಕೆ ಹೋಗುವ ನೀರು ನಿಧಾನವಾಗುತ್ತದೆ. ತೂಬನ್ನು ಮುಚ್ಚಿದ ಮೇಲೂ ಕೊನೆಯ ಗದ್ದೆಗೆ ಬಹಳ ಹೊತ್ತು ನೀರು ಜಿನುಗುತ್ತಲೇ ಇರುತ್ತದೆ. ಈ ಕಡೆಯಿಂದ ಚಟ್ಟನೆ ಕೊಟ್ಟ ವಿದ್ಯುತ್ತಿನ ಮಿಡಿತ ಆ ಕಡೆ ಉದ್ದನೆಯ ಉಬ್ಬಾಗಿ ತಲುಪುತ್ತದೆ. ಅದು ಇಳಿಯುವ ಮೊದಲೇ ಮುಂದಿನದನ್ನು ಕಳುಹಿಸಿದರೆ ಎರಡೂ ಒಂದರೊಳಗೊಂದು ಕಲೆಸಿಹೋಗುತ್ತವೆ.

ಗ್ಲಾಸ್ಗೋದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು, ಇದಕ್ಕೆ ಗಣಿತದ ರೂಪ ಕೊಟ್ಟ. ಕೇಬಲ್ಲಿನ ಉದ್ದ ಎರಡರಷ್ಟಾದರೆ ತಾಮ್ರದ ತಡೆಯೂ ಎರಡರಷ್ಟು, ಹೊದಿಕೆ ಹೀರಿಕೊಳ್ಳುವ ವಿದ್ಯುತ್ತೂ ಎರಡರಷ್ಟು. ಎರಡೂ ಸೇರಿ ತಡ ನಾಲ್ಕರಷ್ಟು. ಹತ್ತರಷ್ಟು ಉದ್ದವಾದರೆ ನೂರರಷ್ಟು. ಪರಿಹಾರವೂ ಅದೇ ಲೆಕ್ಕದಲ್ಲಿತ್ತು: ತಾಮ್ರವನ್ನು ದಪ್ಪ ಮಾಡಬೇಕು, ಶುದ್ಧ ಮಾಡಬೇಕು, ಹೊದಿಕೆಯನ್ನೂ ದಪ್ಪ ಮಾಡಬೇಕು. ಅದಕ್ಕೆ ಹಣ ಬೇಕು.

ಕಂಪನಿಗೆ ಈ ಮಾತು ರುಚಿಸಲಿಲ್ಲ. ಅದರ ವಿದ್ಯುತ್ ಅಧಿಕಾರಿಯಾಗಿದ್ದ ವೈಲ್ಡ್‌ಮನ್ ವೈಟ್‌ಹೌಸ್ ವೃತ್ತಿಯಿಂದ ಶಸ್ತ್ರವೈದ್ಯ, ಹವ್ಯಾಸದಿಂದ ವಿದ್ಯುತ್ ಪ್ರಯೋಗಗಾರ. ವರ್ಗದ ನಿಯಮವೆಲ್ಲ ಪುಸ್ತಕದ ಪಂಡಿತರ ಕಲ್ಪನೆ ಎಂದು ಅವನು 1856ರಲ್ಲಿ ತನ್ನ ಪ್ರಯೋಗಗಳನ್ನು ಮುಂದಿಟ್ಟು ವಾದಿಸಿದ. ತೆಳು ತಂತಿ ಸಾಕು ಎನ್ನುವ ತಜ್ಞ ಸಿಕ್ಕಿದ ಮೇಲೆ ದಪ್ಪ ತಂತಿಗೆ ದುಡ್ಡು ಹಾಕುವ ಕಂಪನಿ ಯಾವುದು? ಥಾಮ್ಸನ್ ನಿರ್ದೇಶಕನಾಗಿ ಒಳಗೆ ಬರುವ ಹೊತ್ತಿಗೆ ಕೇಬಲ್ಲಿನ ಅಳತೆ ನಿಶ್ಚಯವಾಗಿಹೋಗಿತ್ತು.

ಕೇಬಲ್ ಬಿದ್ದ ಮೇಲೆ ಸಂಕೇತ ಸರಿಯಾಗಿ ತಲುಪದಿದ್ದಾಗ ವೈಟ್‌ಹೌಸ್ ಮಾಡಿದ್ದು, ಕಿವಿ ಮಂದವಾದವರ ಮುಂದೆ ಜನ ಸಾಮಾನ್ಯವಾಗಿ ಮಾಡುವುದನ್ನೇ: ಇನ್ನೂ ಗಟ್ಟಿಯಾಗಿ ಕೂಗುವುದು. ಐದು ಅಡಿ ಉದ್ದದ ಸುರುಳಿಗಳಿಂದ ಸುಮಾರು 2000 ವೋಲ್ಟ್ ಒತ್ತಡವನ್ನು ಕೇಬಲ್ಲಿಗೆ ಕೊಟ್ಟ. ಹೊದಿಕೆಯಲ್ಲಿ ಮೊದಲೇ ದೋಷಗಳಿದ್ದವು, ಆದ್ದರಿಂದ ಎಲ್ಲ ತಪ್ಪನ್ನೂ ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಸಾಯುತ್ತಿದ್ದ ಕೇಬಲ್ಲಿಗೆ ಆ ಒತ್ತಡ ಕೊನೆಯ ಪೆಟ್ಟಾಯಿತು ಎಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಥಾಮ್ಸನ್‌ನ ಉಪಾಯ ಇದಕ್ಕೆ ತದ್ವಿರುದ್ಧ. ಅವನು ರೂಪಿಸಿದ ಉಪಕರಣದಲ್ಲಿ ಸಣ್ಣ ಅಯಸ್ಕಾಂತಕ್ಕೆ ಅಂಟಿಸಿದ ಪುಟ್ಟ ಕನ್ನಡಿಯೊಂದು ದಾರದಲ್ಲಿ ತೂಗುತ್ತಿತ್ತು. ಅತ್ಯಲ್ಪ ಪ್ರವಾಹಕ್ಕೂ ಕನ್ನಡಿ ಅಲುಗಿ, ಗೋಡೆಯ ಮೇಲೆ ಬಿದ್ದ ಬೆಳಕಿನ ಚುಕ್ಕೆ ಸರಿಯುತ್ತಿತ್ತು. ಉಬ್ಬು ಪೂರ್ತಿ ಏರುವವರೆಗೆ ಕಾಯಬೇಕಿರಲಿಲ್ಲ, ಏರತೊಡಗಿದ್ದನ್ನು ಕಂಡರೆ ಸಾಕಿತ್ತು.

ಆ ಕೆಲವೇ ವಾರಗಳಲ್ಲಿ ಕೇಬಲ್ ಭಾರತಕ್ಕೆ ಸಂಬಂಧಿಸಿದ ಒಂದು ಸಂದೇಶವನ್ನೂ ಹೊತ್ತಿತು. 1857ರ ದಂಗೆಯನ್ನು ಅಡಗಿಸಲು ಕೆನಡಾದಿಂದ ಎರಡು ರೆಜಿಮೆಂಟುಗಳನ್ನು ಕರೆಸಿಕೊಳ್ಳಲು ಲಂಡನ್ ಹಡಗಿನ ಅಂಚೆಯಲ್ಲಿ ಆಜ್ಞೆ ಕಳುಹಿಸಿತ್ತು. ಅಷ್ಟರಲ್ಲಿ ಅವುಗಳ ಅಗತ್ಯವಿಲ್ಲವಾಯಿತು. ಹೊರಡುವುದು ಬೇಡ ಎಂಬ ಮರುಆಜ್ಞೆ ಕೇಬಲ್ಲಿನಲ್ಲಿ ಹೋಯಿತು. ಇದರಿಂದ ಸುಮಾರು 50 ಸಾವಿರ ಪೌಂಡ್ ಉಳಿಯಿತೆಂದು ಅಂದಾಜು. ಕೇಬಲ್ಲಿಗೆ ಹೂಡಿದ್ದ ಬಂಡವಾಳ ಮೂರೂವರೆ ಲಕ್ಷ ಪೌಂಡ್. ತಂತಿಯ ಬೆಲೆ ಸಾಮ್ರಾಜ್ಯಕ್ಕೆ ಆಗ ಚೆನ್ನಾಗಿಯೇ ಅರ್ಥವಾಯಿತು. ಭಾರತದ ಕಡೆಗೆ ಕೆಂಪು ಸಮುದ್ರದ ಮೂಲಕ ಹಾಸಿದ ಕೇಬಲ್ಲೂ 1860ರಲ್ಲಿ ಕೈಕೊಟ್ಟಾಗ, ಸರ್ಕಾರ ನೇಮಿಸಿದ್ದ ಸಮಿತಿ ಸಮುದ್ರ ಕೇಬಲ್ಲುಗಳ ವಿಷಯವನ್ನು ಬುಡದಿಂದ ವಿಚಾರಿಸಿ 1861ರಲ್ಲಿ ವರದಿ ಕೊಟ್ಟಿತು. ಥಾಮ್ಸನ್ ಹೇಳಿದ್ದ ದಾರಿಯೇ ಸರಿ ಎಂದಾಯಿತು.

1866ರಲ್ಲಿ ‘ಗ್ರೇಟ್ ಈಸ್ಟರ್ನ್’ ಹಡಗು ಹಾಸಿದ ಕೇಬಲ್ಲಿನಲ್ಲಿ ತಾಮ್ರದ ತೂಕ ಹಿಂದಿನದರ ಮೂರರಷ್ಟಿತ್ತು. ನಿಮಿಷಕ್ಕೆ ಎಂಟು ಪದ ಹೋಗತೊಡಗಿದವು. ಹಿಂದಿನ ವರ್ಷ ನಡುದಾರಿಯಲ್ಲಿ ತುಂಡಾಗಿ ಮುಳುಗಿದ್ದ ಕೇಬಲ್ಲನ್ನೂ ಎತ್ತಿ ಪೂರ್ತಿ ಮಾಡಲಾಯಿತು. ಆಗ ಲ್ಯಾಟಿಮರ್ ಕ್ಲಾರ್ಕ್ ಎಂಬ ಎಂಜಿನಿಯರ್ ಒಂದು ಮೋಜಿನ ಪ್ರಯೋಗ ಮಾಡಿದ. ಎರಡು ಕೇಬಲ್ಲುಗಳನ್ನು ನ್ಯೂಫೌಂಡ್‌ಲ್ಯಾಂಡಿನಲ್ಲಿ ಒಂದಕ್ಕೊಂದು ಜೋಡಿಸಿ, ಈ ಕಡೆ ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಟೋಪಿಯಲ್ಲಿ ತುಸು ಆಮ್ಲ, ಒಂದು ಚೂರು ಸತು ಇಟ್ಟು ಬ್ಯಾಟರಿ ಮಾಡಿದ. ಆ ಬೆರಳ ಟೋಪಿಯ ವಿದ್ಯುತ್ತು ಸಾಗರವನ್ನು ಎರಡು ಸಲ ದಾಟಿ ಬಂದು ಕನ್ನಡಿಯ ಚುಕ್ಕೆಯನ್ನು ಸರಿಸಿತು. ಎರಡು ಸಾವಿರ ವೋಲ್ಟಿಗೆ ಆಗದ್ದು ಒಂದು ವೋಲ್ಟಿನ ಆಸುಪಾಸಿನಲ್ಲಿ ಆಯಿತು.

ಟೆಲಿಫೋನು ಬಂದಾಗ ಸಮಸ್ಯೆ ಹೊಸ ವೇಷ ತೊಟ್ಟಿತು. ತಂತಿ ಸಂದೇಶವನ್ನು ನಿಧಾನವಾಗಿ ಕಳುಹಿಸಬಹುದು, ಮಾತನ್ನು ಹಾಗೆ ಎಳೆಯಲಾಗದು. ಮಾತಿನಲ್ಲಿ ಮಂದ್ರದ ಕಂಪನಗಳೂ ಇವೆ, ತಾರದ ಕಂಪನಗಳೂ ಇವೆ. ಕೇಬಲ್ ಉದ್ದವಾದಂತೆ ತಾರದವು ಮೊದಲು ಸೊರಗುತ್ತವೆ, ಮಂದ್ರದವು ಹಿಂದುಳಿಯುತ್ತವೆ. ಸ್ವರಾಕ್ಷರಗಳು ಉಳಿದು ವ್ಯಂಜನಗಳು ಅಳಿಸಿಹೋಗುತ್ತವೆ. ‘ಸರಿ’ ಎಂದರೋ ‘ಹರಿ’ ಎಂದರೋ ಆಚೆಯವರಿಗೆ ತಿಳಿಯದು.

ಇದಕ್ಕೆ ಮದ್ದು ಕಂಡುಕೊಂಡವನು ಆಲಿವರ್ ಹೆವಿಸೈಡ್. 1850ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು, ಬಾಲ್ಯದ ಜ್ವರದಿಂದ ಕಿವಿ ಮಂದ, ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಕೆಲಕಾಲ ತಂತಿ ಕಚೇರಿಯಲ್ಲಿ ದುಡಿದು 24ರ ಹರೆಯದಲ್ಲಿಯೇ ಕೆಲಸ ಬಿಟ್ಟು ಮನೆಯ ಕೋಣೆ ಸೇರಿದ. ತಂತಿಯ ಸುತ್ತ ಉಂಟಾಗುವ ಕಾಂತಕ್ಷೇತ್ರದ ಪರಿಣಾಮವನ್ನು ಥಾಮ್ಸನ್‌ನ ಲೆಕ್ಕ ಬಿಟ್ಟುಬಿಟ್ಟಿತ್ತು. ನಿಧಾನದ ತಂತಿ ಸಂದೇಶಕ್ಕೆ ಅದು ಸರಿ, ಮಾತಿಗೆ ಸಾಲದು ಎಂದು ಹೆವಿಸೈಡ್ ತೋರಿಸಿದ. ಆ ಕಾಂತಗುಣವನ್ನು, ಎಂದರೆ ಇಂಡಕ್ಟನ್ಸನ್ನು, ತಂತಿಗೆ ಬೇಕೆಂದೇ ಹೆಚ್ಚಿಗೆ ಸೇರಿಸಿದರೆ ಎಲ್ಲ ಕಂಪನಗಳೂ ಒಟ್ಟಿಗೆ ಹೋಗಿ ಮಾತು ವಿಕಾರವಾಗದೆ ತಲುಪುತ್ತದೆ ಎಂದು 1887ರಲ್ಲಿ ಬರೆದ. ಆಗ ಬ್ರಿಟಿಷ್ ಅಂಚೆ ಇಲಾಖೆಯ ಹಿರಿಯ ವಿದ್ಯುತ್ ಅಧಿಕಾರಿಯಾಗಿದ್ದ ವಿಲಿಯಂ ಪ್ರೀಸ್‌ನ ಪ್ರಕಾರ ಇಂಡಕ್ಟನ್ಸ್ ದೂರ ಇಡಬೇಕಾದ ಪಿಡುಗು. ಹಿಂದೆ ಪ್ರಯೋಗಗಾರ ಗಣಿತವನ್ನು ನಂಬದೆ ಕೆಟ್ಟಿದ್ದ, ಈಗ ಪ್ರೀಸ್ ಹಳೆಯ ಗಣಿತವನ್ನೇ ಟೆಲಿಫೋನಿಗೂ ಹಚ್ಚಿ ಕೆಟ್ಟ. ಇಲಾಖೆಯಲ್ಲಿಯೇ ಇದ್ದ ಅಣ್ಣ ಆರ್ಥರ್‌ನೊಡನೆ ಹೆವಿಸೈಡ್ ಬರೆದ ಪ್ರಬಂಧ ಪ್ರಕಟವಾಗದಂತೆ ಪ್ರೀಸ್ ತಡೆದ.

ಕೊನೆಗೆ ಆ ಮದ್ದು ಬಳಕೆಗೆ ಬಂದದ್ದು ಅಮೆರಿಕದಲ್ಲಿ. 1899–1900ರ ಸುಮಾರಿಗೆ ಮೈಕೆಲ್ ಪ್ಯುಪಿನ್ ಮತ್ತು ಜಾರ್ಜ್ ಕ್ಯಾಂಪ್‌ಬೆಲ್, ತಂತಿಯ ದಾರಿಯಲ್ಲಿ ಅಲ್ಲಲ್ಲಿ ಸುರುಳಿಗಳನ್ನು ಕೂರಿಸಿದರೆ ಸಾಕೆಂದು ಬೇರೆ ಬೇರೆಯಾಗಿ ಕಂಡುಕೊಂಡರು. ಪೇಟೆಂಟು ಪ್ಯುಪಿನ್‌ಗೆ ಸಿಕ್ಕಿತು, ಲಕ್ಷಾಂತರ ಡಾಲರ್ ಬಂತು. ಹೆವಿಸೈಡ್‌ಗೆ ಬಿಡಿಗಾಸು ಬರಲಿಲ್ಲ. 1925ರಲ್ಲಿ ಟಾರ್ಕ್ವೇಯಲ್ಲಿ ಬಡತನದಲ್ಲಿಯೇ ತೀರಿಕೊಂಡ.

ಸುರುಳಿಗಳ ನಂತರ ಬಂದದ್ದು ಕವಾಟ, ಎಂದರೆ ವ್ಯಾಕ್ಯೂಮ್ ಟ್ಯೂಬು. ನಡುದಾರಿಯಲ್ಲಿ ದನಿಯನ್ನು ಹಿಗ್ಗಿಸಿ ಮುಂದಕ್ಕೆ ಕಳುಹಿಸುವ ಆಂಪ್ಲಿಫೈಯರುಗಳಿಂದ 1915ರಲ್ಲಿ ನ್ಯೂಯಾರ್ಕ್ ಸ್ಯಾನ್ ಫ್ರಾನ್ಸಿಸ್ಕೋದೊಡನೆ ಮಾತಾಡಿತು. 1956ರಲ್ಲಿ ಅಟ್ಲಾಂಟಿಕ್ ಅಡಿಯಲ್ಲಿ ಮೊದಲ ಟೆಲಿಫೋನು ಕೇಬಲ್ ಜೋಡಿ ಬಿದ್ದಾಗ ಒಂದೊಂದರಲ್ಲಿಯೂ ಇಂಥ 51 ಆಂಪ್ಲಿಫೈಯರುಗಳಿದ್ದವು. ಆದರೆ ಈ ಉಪಾಯಕ್ಕೆ ಹುಟ್ಟಿನಿಂದಲೇ ಒಂದು ಊನ ಉಂಟು. ಆಂಪ್ಲಿಫೈಯರಿಗೆ ಮಾತು ಯಾವುದು, ಕರಕರ ಸದ್ದು ಯಾವುದು ಎಂಬ ವಿವೇಕವಿಲ್ಲ. ಎರಡನ್ನೂ ಹಿಗ್ಗಿಸುತ್ತದೆ, ತನ್ನದೂ ಒಂದಿಷ್ಟು ಸೇರಿಸುತ್ತದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡು ಇಳಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮೂರನೆಯ ನಕಲಿನ ಹೊತ್ತಿಗೆ ಹಾಡಿಗಿಂತ ಹಿಸ್ ಎನ್ನುವ ಸದ್ದೇ ಮುಂದೆ.

1937ರಲ್ಲಿ ಪ್ಯಾರಿಸ್ಸಿನ ಪ್ರಯೋಗಾಲಯವೊಂದರಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್‌ಗೆ ಹೊಳೆದದ್ದು ಇದರಿಂದ ಪಾರಾಗುವ ದಾರಿ. ಓಲೆಗರಿಯ ಪ್ರತಿ ಮಾಡುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನಿಗೆ ಓದು ಬಾರದು. ಹಳೆಯ ಗರಿಯಲ್ಲಿ ಕಂಡ ಗೆರೆಯನ್ನೆಲ್ಲ, ಬಿರುಕನ್ನೂ ಹುಳು ಕೊರೆದ ಗುರುತನ್ನೂ ಸೇರಿಸಿ, ಹಾಗೆಯೇ ತಿದ್ದುತ್ತಾನೆ. ಇನ್ನೊಬ್ಬ ಅಕ್ಷರ ಬಲ್ಲವ. ಮಸುಕಾದರೂ ಇದು ‘ಕ’ ಎಂದು ಗುರುತಿಸಿ, ಹೊಸ ಗರಿಯಲ್ಲಿ ಶುದ್ಧವಾದ ‘ಕ’ ಬರೆಯುತ್ತಾನೆ. ಆಂಪ್ಲಿಫೈಯರು ಮೊದಲನೆಯವನು. ರೀವ್ಸ್‌ಗೆ ಬೇಕಾದದ್ದು ಎರಡನೆಯವನು. ಅದಕ್ಕಾಗಿ ಅವನು ದನಿಯ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಸಂಖ್ಯೆಯಾಗಿಸಿ, ಆ ಸಂಖ್ಯೆಯನ್ನು ‘ಇದೆ’, ‘ಇಲ್ಲ’ ಎಂಬ ಎರಡೇ ಬಗೆಯ ಮಿಡಿತಗಳಲ್ಲಿ ಕಳುಹಿಸುವ ಕ್ರಮವನ್ನು ರೂಪಿಸಿದ. ಎರಡೇ ಅಕ್ಷರಗಳ ವರ್ಣಮಾಲೆ. ಎಷ್ಟೇ ಮಸುಕಾದರೂ ಇದೆಯೋ ಇಲ್ಲವೋ ಎಂದು ಹೇಳಬಹುದಾದರೆ ಸಾಕು, ಮುಂದಿನ ಕಟ್ಟೆಯಲ್ಲಿ ಹೊಚ್ಚ ಹೊಸ ಮಿಡಿತ ಹುಟ್ಟುತ್ತದೆ. ಹಿಂದಿನ ಹಾದಿಯ ಕೊಳೆ ಅಲ್ಲಿಗೇ ತೊಳೆದುಹೋಗುತ್ತದೆ.

ಕವಾಟಗಳ ಕಾಲಕ್ಕೆ ಇದು ಬಹಳ ದುಬಾರಿಯ ಆಲೋಚನೆ. ಯುದ್ಧಕಾಲದ ಗುಪ್ತ ಸಂಭಾಷಣೆಗೆ ಬಳಕೆಯಾದದ್ದು ಬಿಟ್ಟರೆ ಟ್ರಾನ್ಸಿಸ್ಟರ್ ಬರುವವರೆಗೂ ಕಾಯಬೇಕಾಯಿತು. 1962ರಲ್ಲಿ ಅಮೆರಿಕದ ಬೆಲ್ ಕಂಪನಿ ಸಾಮಾನ್ಯ ಟೆಲಿಫೋನು ತಂತಿಗಳಲ್ಲಿ ಒಟ್ಟಿಗೆ 24 ಸಂಭಾಷಣೆಗಳನ್ನು ಡಿಜಿಟಲ್ ರೂಪದಲ್ಲಿ ಕಳುಹಿಸತೊಡಗಿತು. ಮಿಡಿತಗಳನ್ನು ಹೊಸದಾಗಿ ಹುಟ್ಟಿಸುವ ಪೆಟ್ಟಿಗೆಗಳನ್ನು ಇಟ್ಟದ್ದು 6000 ಅಡಿಗೊಂದರಂತೆ. ಆ ಅಂತರ ಆಕಾಶದಿಂದ ಬಿದ್ದದ್ದಲ್ಲ. ಪ್ಯುಪಿನ್ ಸುರುಳಿಗಳನ್ನು ಕೂರಿಸಲು ಬೀದಿಯಡಿಯಲ್ಲಿ ತೋಡಿದ್ದ ಗುಂಡಿಗಳು ಅಷ್ಟು ಅಂತರದಲ್ಲಿದ್ದವು. ವೇಗದ ಮಿಡಿತಗಳಿಗೆ ಸುರುಳಿಗಳು ಅಡ್ಡಿ, ಆದ್ದರಿಂದ ಅವನ್ನು ಕಿತ್ತು ಅದೇ ಗುಂಡಿಯಲ್ಲಿ ಹೊಸ ಪೆಟ್ಟಿಗೆಯನ್ನು ಕೂರಿಸಿದರು. ಹೆವಿಸೈಡ್‌ನ ಮದ್ದು ಅರವತ್ತು ವರ್ಷ ಕೆಲಸ ಮಾಡಿ ಹೀಗೆ ಜಾಗ ಬಿಟ್ಟುಕೊಟ್ಟಿತು. ರೀವ್ಸ್‌ನ ಕಲ್ಪನೆಯನ್ನು ಗೌರವಿಸಿ ಬ್ರಿಟನ್ 1969ರಲ್ಲಿ ಅಂಚೆಚೀಟಿಯನ್ನೇ ತಂದಿತು. ಹೆವಿಸೈಡ್‌ನನ್ನು ತಡೆದ ಅದೇ ಅಂಚೆ ಇಲಾಖೆ.

ಮಾತಿಗೆ ಒದಗಿದ್ದು ಸಂಗೀತಕ್ಕೆ ಒದಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಲಂಡನ್ನಿನಿಂದ ದೂರದ ಪ್ರಸಾರ ಕೇಂದ್ರಗಳಿಗೆ ತಂತಿಯಲ್ಲಿ ಹೋಗುವ ಸಂಗೀತ ದೂರಕ್ಕೆ ತಕ್ಕಂತೆ ಕೆಡುತ್ತಿತ್ತು. ಸ್ಟೀರಿಯೋ ಬಂದ ಮೇಲಂತೂ ಎಡ, ಬಲದ ಎರಡು ತಂತಿಗಳು ಸಮನಾಗಿ ನಡೆಯುವಂತೆ ನೋಡಿಕೊಳ್ಳುವುದೇ ತಲೆನೋವು. 1972ರಲ್ಲಿ ಬಿಬಿಸಿ 13 ಧ್ವನಿ ಚಾನೆಲ್ಲುಗಳನ್ನು ಒಂದೇ ಡಿಜಿಟಲ್ ಪ್ರವಾಹವಾಗಿ ಕಟ್ಟಿ ಕಳುಹಿಸುವ ವ್ಯವಸ್ಥೆಯನ್ನು ಆರಂಭಿಸಿತು. ಅಂದಿನಿಂದ ದೂರದ ಊರಿನ ಕೇಳುಗನಿಗೂ ಲಂಡನ್ನಿನವನಿಗೂ ಒಂದೇ ಗುಣಮಟ್ಟ.

ಹತ್ತು ವರ್ಷಗಳ ನಂತರ, 1982ರಲ್ಲಿ, ಸಿ.ಡಿ. ಜಪಾನಿನ ಮಾರುಕಟ್ಟೆಗೆ ಬಂತು. ಹಿಂದೆಯೇ ಡಿಜಿಟಲ್ ಕೇಬಲ್ಲುಗಳೂ ಬಂದವು. ಸ್ಟುಡಿಯೋಗಳಿಗೆ 1985ರಲ್ಲಿ ಒಂದು ಮಾನಕ ನಿಗದಿಯಾಯಿತು. ಮನೆಗಳಿಗೆ ಸೋನಿ ಮತ್ತು ಫಿಲಿಪ್ಸ್ ಸೇರಿ ಅದರದೇ ಕಿರಿಯ ರೂಪವನ್ನು ಬಳಕೆಗೆ ತಂದವು. ಬೆಳಕಿನಲ್ಲಿ ಕಳುಹಿಸುವ ಪ್ಲಾಸ್ಟಿಕ್ ಎಳೆಯ ಕೇಬಲ್ 1983ರಲ್ಲಿ ತೋಷಿಬಾ ಕಂಪನಿಯಿಂದ ಬಂತು.

ಇನ್ನು ಉದ್ದದ ಪ್ರಶ್ನೆ. ಸಿ.ಡಿ.ಯ ಸಂಗೀತ ಇಂಥ ಕೇಬಲ್ಲಿನಲ್ಲಿ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಬಿಟ್‌ಗಳ ವೇಗದಲ್ಲಿ ಹೋಗುತ್ತದೆ. ಒಂದು ಬಿಟ್ಟಿಗೆ ದೊರೆಯುವ ಸಮಯ ಸುಮಾರು 354 ನ್ಯಾನೋಸೆಕೆಂಡ್. ಕೇಬಲ್ಲಿನಲ್ಲಿ ಸಂಕೇತ ಒಂದು ಮೀಟರ್ ಸಾಗಲು ಐದೇ ನ್ಯಾನೋಸೆಕೆಂಡ್ ಸಾಕು. ಆದ್ದರಿಂದ ತಡವಾಗುವುದು ಇಲ್ಲಿ ಮುಖ್ಯವಲ್ಲ, ಮಸುಕಾಗುವುದು ಮುಖ್ಯ. ಮನೆಯ ಕೋಣೆಯ ನಾಲ್ಕೈದು ಮೀಟರಿನಲ್ಲಿ ಆ ಮಸುಕು ನಗಣ್ಯ. ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಹತ್ತು ಮೀಟರಿನ ಆಸುಪಾಸಿನವರೆಗೆ ಚಿಂತೆಯಿಲ್ಲದೆ ನಡೆಯುತ್ತದೆ. ಪ್ಲಾಸ್ಟಿಕ್ ಎಳೆ ಬೆಳಕನ್ನು ಹೀರುವುದರಿಂದ ಅದಕ್ಕೆ ಐದರಿಂದ ಹತ್ತು ಮೀಟರ್ ಮಿತಿ. ಸ್ಟುಡಿಯೋದ ಜೋಡಿ ತಂತಿ ನೂರು ಮೀಟರ್ ಹೋಗುತ್ತದೆ, ಅದೇ ಸಂಕೇತವನ್ನು ಟಿ.ವಿ. ಕೇಂದ್ರಗಳ ಒಳ್ಳೆಯ ಕೋಆಕ್ಸಿಯಲ್‌ಗೆ ಹಾಕಿದರೆ ಸಾವಿರ ಮೀಟರನ್ನೂ ಮುಟ್ಟಬಹುದು. ಕೇಬಲ್ಲಿನ ಗುಣ ಎರಡು ತುದಿಯ ಉಪಕರಣಗಳಿಗೆ ಹೊಂದದಿದ್ದರೆ ಮಾತ್ರ, ಕೆರೆಯ ಅಲೆ ಕಟ್ಟೆಗೆ ಬಡಿದು ಹಿಂದಿರುಗುವಂತೆ, ಮಿಡಿತದ ಒಂದಂಶ ತಿರುಗಿ ಬಂದು ಮುಂದಿನದರ ಮೇಲೆ ಬೀಳುತ್ತದೆ. ಹಾಗಾದಾಗ ಕಡಮೆ ಉದ್ದದಲ್ಲಿಯೂ ತೊಂದರೆ ಬರಬಹುದು.

ಮಿತಿ ಮೀರಿದರೆ ಏನಾಗುತ್ತದೆ ಎಂಬುದರಲ್ಲಿ ಹಳೆಯ ಕೇಬಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಹಳೆಯ ತಂತಿಯಲ್ಲಿ ದನಿ ಮೆಲ್ಲಗೆ ಸೊರಗುತ್ತದೆ. ಡಿಜಿಟಲ್ ಕೇಬಲ್ಲಿನಲ್ಲಿ ಬಂಡೆಯ ಅಂಚಿನವರೆಗೂ ನೆಲ ಸಮತಟ್ಟು, ಆಮೇಲೆ ಒಮ್ಮೆಗೇ ಪ್ರಪಾತ. ಓದಲು ಆಗುವವರೆಗೆ ಸಂಖ್ಯೆಗಳು ಸರಿಯಾಗಿಯೇ ಇರುತ್ತವೆ, ಆಗದಿದ್ದಾಗ ಚಟಚಟ ಸದ್ದು, ತುಂಡು ತುಂಡಾದ ಸ್ವರ, ಕಡೆಗೆ ಮೌನ. ಉದ್ದದ ಕೇಬಲ್ಲಿನಿಂದ ಮೃದಂಗದ ನಾದ ತೆಳುವಾಯಿತು, ತಂಬೂರಿಯ ಜೀವ ಹೋಯಿತು ಎಂಬ ವರ್ಣನೆಗಳು ಹಳೆಯ ತಂತಿಯ ಅನುಭವವನ್ನು ಹೊಸದಕ್ಕೆ ಅಂಟಿಸಿದವು. ತಪ್ಪಿದ ಸಂಖ್ಯೆ ನಾದವನ್ನು ತೆಳು ಮಾಡಲಾರದು, ಅದು ಸಿಡಿಯುತ್ತದೆ. ಸಾವಿರಾರು ರೂಪಾಯಿಯ ಕೇಬಲ್ ಮಾರುವವರು ಈ ಅಂಶವನ್ನು ಹೇಳುವುದು ಕಡಮೆ.

ಹಾಗೆಂದು ಸಂದೇಹ ಪಟ್ಟವರೆಲ್ಲ ಕಿವಿಯ ಭ್ರಮೆಗೆ ಬಿದ್ದವರೆಂದು ತಳ್ಳಿಹಾಕಲಾಗದು. 1992ರಲ್ಲಿ ಇಂಗ್ಲೆಂಡಿನ ಕ್ರಿಸ್ ಡನ್ ಮತ್ತು ಮಾಲ್ಕಂ ಹಾಕ್ಸ್‌ಫರ್ಡ್ ಈ ಕೇಬಲ್ ಸಂಪರ್ಕದ ವಿನ್ಯಾಸದಲ್ಲಿಯೇ ದೋಷವಿದೆಯೇ ಎಂದು ಪ್ರಶ್ನಿಸಿ ಪ್ರಬಂಧ ಮಂಡಿಸಿದರು. ಅವರು ಎತ್ತಿ ತೋರಿಸಿದ ವಿಷಯ ಹೀಗಿದೆ. ಈ ಕೇಬಲ್ಲಿನಲ್ಲಿ ಸಂಖ್ಯೆಗಳ ಜೊತೆಗೆ ಅವನ್ನು ಯಾವ ಕ್ಷಣ ನುಡಿಸಬೇಕೆಂಬ ತಾಳವೂ ಹೋಗುತ್ತದೆ. ಮಿಡಿತದ ಏರು ಗೆರೆ ಮಸುಕಾದಾಗ, ಹಿಂದಿನ ಬಿಟ್ ಯಾವುದಿತ್ತು ಎಂಬುದರ ಮೇಲೆ, ಅದನ್ನು ಗುರುತಿಸುವ ಕ್ಷಣ ತುಸು ಹಿಂದೆ ಮುಂದೆ ಆಗುತ್ತದೆ. ಸಾಹಿತ್ಯದ ಒಂದಕ್ಷರವೂ ತಪ್ಪದೆ ತಾಳ ಮಾತ್ರ ನಡುಗಿದಂತೆ. ಇದನ್ನು ಜಿಟರ್ ಎನ್ನುತ್ತಾರೆ. ಹಿಂದಿನ ಮಿಡಿತದ ಶೇಷ ಮುಂದಿನದಕ್ಕೆ ಅಂಟಿಕೊಳ್ಳುವ ಅದೇ ಕಾಯಿಲೆ ಇದು. 1858ರಲ್ಲಿ ನಿಮಿಷಗಳನ್ನು ನುಂಗಿದ್ದು ಈಗ ನ್ಯಾನೋಸೆಕೆಂಡುಗಳಲ್ಲಿ ಉಳಿದಿತ್ತು. ಬಂದ ತಾಳವನ್ನು ಹಾಗೆಯೇ ನಂಬುವ ಕಳಪೆ ಉಪಕರಣಗಳಲ್ಲಿ ಅದರಿಂದ ಅಳೆಯಬಹುದಾದ ವಿಕೃತಿ ಉಂಟಾಗುತ್ತಿತ್ತು. ಪರಿಹಾರ ಕೇಬಲ್ಲಿನಲ್ಲಿರಲಿಲ್ಲ, ಕೊನೆಯ ಉಪಕರಣದಲ್ಲಿತ್ತು: ಸಂಖ್ಯೆಗಳನ್ನು ಮೊದಲು ಕೂಡಿಟ್ಟುಕೊಂಡು, ತನ್ನದೇ ಸ್ಥಿರ ಗಡಿಯಾರದ ಲಯಕ್ಕೆ ಹೊರಬಿಡುವುದು. ಇಂದಿನ ಒಳ್ಳೆಯ ಉಪಕರಣಗಳು ಈ ದಾರಿ ಹಿಡಿದಿವೆ. ಅವಕ್ಕೆ ಹಾಡು ಪಕ್ಕದ ಪೆಟ್ಟಿಗೆಯಿಂದ ಬಂದರೂ ಒಂದೇ, ಬೇರೆ ಖಂಡದಿಂದ ಬಂದರೂ ಒಂದೇ.

ಬೇರೆ ಖಂಡದಿಂದ ಬರುವ ಹಾಡು ಈಗಲೂ ಬಹುಮಟ್ಟಿಗೆ ಸಮುದ್ರದ ತಳದಿಂದಲೇ ಬರುತ್ತದೆ. 1988ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಗಾಜಿನೆಳೆಯ ಕೇಬಲ್ಲಿನಲ್ಲಿ ರೀವ್ಸ್ ಹೇಳಿದಂತೆ ಪ್ರತಿ ಕಟ್ಟೆಯಲ್ಲಿಯೂ ಮಿಡಿತಗಳು ಹೊಸದಾಗಿ ಹುಟ್ಟುತ್ತಿದ್ದವು. 1990ರ ದಶಕದ ನಡುವಿನಿಂದ ಅದೂ ಬದಲಾಯಿತು. ಬೆಳಕನ್ನು ಬೆಳಕಾಗಿಯೇ ಹಿಗ್ಗಿಸುವ ಆಂಪ್ಲಿಫೈಯರುಗಳು ಬಂದವು. ಓದು ಬಾರದ ಪ್ರತಿಕಾರ ಮತ್ತೆ ಕೆಲಸಕ್ಕೆ ಸೇರಿದ, ಓದುವವನು ಆಚೆಯ ದಡದಲ್ಲಿ ಮಾತ್ರ ಕುಳಿತ. ಗಾಜಿನೊಳಗೆ ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ವೇಗದಲ್ಲಿ ಚಲಿಸುವುದರಿಂದ ಸಾವಿರಾರು ಕಿಲೋಮೀಟರ್ ಸಾಗಿದ ಮಿಡಿತಗಳು ಇಲ್ಲಿಯೂ ಹರಡಿಕೊಂಡು ಒಂದರ ಮೇಲೊಂದು ಬೀಳುತ್ತವೆ. ಎಷ್ಟು ಹರಡಿರಬಹುದೆಂದು ದಡದ ಯಂತ್ರ ಉದ್ದಕ್ಕೆ ತಕ್ಕಂತೆ ಲೆಕ್ಕ ಹಾಕಿ, ಅಂಕಗಣಿತದಿಂದಲೇ ಅವನ್ನು ಬಿಡಿಸಿ ಓದುತ್ತದೆ.